ಪಾಸೌಟ್ ಆಗೋದು ಅಂದ್ರೆ

ಶಾರದಮ್ಮ, ಸ್ವಲ್ಪ ಇತ್ತ ಬನ್ನಿ. ಒಲೆ ಮೇಲೆ ಏನೂ ಇಟ್ಟಿಲ್ಲ ತಾನೆ? ನಿಮ್ಮ ಮಗಳು ಅಮೆರಿಕದ ಯೂನಿವರ್ಸಿಟಿಗೆ ಕಳಿಸೋಕೆ ಬರೆದಿರೋ ಕಾಗದ ಓದಿದೆ. ಹುಡುಗಿ ಚೆನ್ನಾಗಿ ಬರೀತಾಳೆ. ಒಂದೇ ಒಂದು ಸಾಲು ಬದಲಾಯಿಸಬೇಕು: ‘ಐ ಪಾಸ್ಡ್ ಔಟ್ ಇನ್ 2024’. ನಮ್ಮವರು ಯಾರು ಓದಿದರೂ ಆ ವರ್ಷ ಬಿ.ಇ. ಮುಗಿಸಿದಳು ಅಂತ ತಿಳ್ಕೋತಾರೆ. ಅಮೆರಿಕದವರ ಕಿವಿಗೆ ಮಾತ್ರ ಆ ವರ್ಷ ಇವಳು ಎಚ್ಚರ ತಪ್ಪಿ ಬಿದ್ದಳು ಅಂತಲೇ ಕೇಳಿಸೋದು. ‘ಐ ಗ್ರ್ಯಾಜುಯೇಟೆಡ್ ಇನ್ 2024’ ಅಂತ ತಿದ್ದಿದರೆ ಆಯ್ತು. ಕಾಲೇಜಿನ ಹೆಸರು ಹಾಕೋದಾದರೆ ಅದರ ಹಿಂದೆ ‘ಫ್ರಮ್’ ಇರಲಿ.

ಹಾಗಂತ ಮಗೂನ ಗದರಬೇಡಿ. ಇದನ್ನು ಬರೀ ತಪ್ಪು ಇಂಗ್ಲಿಷ್ ಅಂತ ತಳ್ಳಿಹಾಕೋರ ಮಾತು ನಾನು ಒಪ್ಪೋಲ್ಲ. ಅದು ಬ್ರಿಟಿಷರದೇ ಮಾತು, ಸೇನೆಯಲ್ಲಿ ಹುಟ್ಟಿ ಬೆಳೆದದ್ದು. ತರಬೇತಿ ಮುಗಿಸಿ ಹೊರಬೀಳೋ ಸಿಪಾಯಿಗೆ ಅಲ್ಲಿ ಇವತ್ತಿಗೂ ‘ಪಾಸ್ಡ್ ಔಟ್’ ಅಂತಾರೆ. ಪೊಲೀಸರಿಗೂ ಅಗ್ನಿಶಾಮಕದವರಿಗೂ ಅದೇ ಮಾತು. ನಮ್ಮ ಪತ್ರಿಕೆಗಳಲ್ಲಿ ‘ನಿರ್ಗಮನ ಪಥಸಂಚಲನ’ ಅಂತ ಫೋಟೋ ಬರುತ್ತಲ್ಲ, ಅದೇ ಪಾಸಿಂಗ್ ಔಟ್ ಪರೇಡ್. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿ ಶುರುವಾದದ್ದು 1932ರಲ್ಲಿ, ಮೊದಲ ತಂಡದಲ್ಲಿ 40 ಜನ. ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣೆಕ್‌ಷಾ ಅವರಲ್ಲೊಬ್ಬರು. ಅಲ್ಲಿನ ಪರೇಡಿನ ಕೊನೆಯನ್ನು ಟೀವಿಯಲ್ಲಾದರೂ ನೀವು ಒಮ್ಮೆ ನೋಡಬೇಕು. ಬ್ಯಾಂಡಿನವರು ಬೀಳ್ಕೊಡುಗೆಯ ರಾಗ ನುಡಿಸ್ತಿರ್ತಾರೆ, ಹುಡುಗರು ಸಾಲಾಗಿ ನಿಧಾನಕ್ಕೆ ಹೆಜ್ಜೆ ಹಾಕ್ತಾ ಚೆಟ್‌ವುಡ್ ಕಟ್ಟಡದ ಮೆಟ್ಟಿಲು ಹತ್ತಿ ಹೋಗ್ತಾರೆ. ಅಲ್ಲಿ ದಾಟೋ ಹೆಜ್ಜೆಗೆ ‘ಅಂತಿಮ್ ಪಗ್’ ಅಂತ ಹೆಸರು. ಅದು ದಾಟಿದ ಮೇಲೆ ಅವನು ಕೆಡೆಟ್ ಅಲ್ಲ, ಅಧಿಕಾರಿ. ಆ ‘ಔಟ್’ ಅನ್ನೋದು ಸುಮ್ಮನೆ ಬಾಲಕ್ಕೆ ಅಂಟಿಸಿದ್ದಲ್ಲ ರೀ, ನಿಜಕ್ಕೂ ಒಂದು ಕಡೆಯಿಂದ ಹೊರಗೆ ನಡೆದು ಹೋಗೋದೇ.

ನಮ್ಮ ಕಾಲೇಜುಗಳವರು ಆ ಮಾತು ಹಿಡ್ಕೊಂಡದ್ದರಲ್ಲೂ ನ್ಯಾಯ ಇದೆ. ಪಾಸಾಗೋದು ಬೇರೆ, ಪಾಸೌಟ್ ಆಗೋದು ಬೇರೆ. ಹುಡುಗ ಪ್ರತಿ ಸೆಮಿಸ್ಟರ್ ಪಾಸಾಗ್ತಾನೆ, ಒಂದೆರಡರಲ್ಲಿ ಡುಮ್ಕಿ ಹೊಡೆದು ಆಮೇಲೆ ಪಾಸು ಮಾಡ್ಕೋತಾನೆ. ಪಾಸೌಟ್ ಆಗೋದು ಮಾತ್ರ ಒಂದೇ ಸಲ, ಎಲ್ಲ ಕಟ್ಟಿ ಮುಗಿಸಿ ಕಾಲೇಜಿನ ಗೇಟು ದಾಟಿದಾಗ. ‘ತೇರ್ಗಡೆ’ ಅನ್ನೋದರಲ್ಲಿ ಈ ವ್ಯತ್ಯಾಸ ಬರಲ್ಲ. ಕೆಲಸದ ಜಾಹೀರಾತಿನಲ್ಲಿ ‘2023, 2024 ಪಾಸೌಟ್ ಆದವರು ಮಾತ್ರ’ ಅಂತ ಹಾಕ್ತಾರಲ್ಲ, ಬೆಂಗಳೂರಲ್ಲಿ ಅದು ಅರ್ಥವಾಗದ ಒಬ್ಬ ಹುಡುಗನೂ ಸಿಗಲ್ಲ. ಇಲ್ಲಿ ಅದು ಸರಿಯಾದ ಮಾತೇ. ಊರು ದಾಟಿದಾಗ ಬದಲಾಯಿಸಬೇಕು, ಅಷ್ಟೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ನಮ್ಮ ಕನ್ನಡದ ಡಾಕ್ಟರುಗಳಿದ್ದಾರೆ. ಅವರ ಮುಂದೆ ಪೇಷೆಂಟು ‘ಐ ಪಾಸ್ಡ್ ಔಟ್’ ಅಂದರೆ ಅವರು ಕೇಳೋದು ಯಾವ ವರ್ಷ ಅಂತಲ್ಲ, ಬೀಳುವಾಗ ತಲೆಗೆ ಪೆಟ್ಟಾಯ್ತಾ ಅಂತ.

ಈ ಎಚ್ಚರ ತಪ್ಪೋ ‘ಪಾಸ್ ಔಟ್’ ಪರೇಡ್ ಮೈದಾನದಲ್ಲೂ ಆಗೋದುಂಟು ನೋಡಿ. ಲಂಡನ್‌ನಲ್ಲಿ ರಾಜರ ಹುಟ್ಟುಹಬ್ಬದ ಪರೇಡಿಗೆ ಮುಂಚೆ ತಾಲೀಮು ನಡೆಯುತ್ತೆ. 2023ರ ಜೂನ್‌ನಲ್ಲಿ ರಾಜಕುಮಾರ ವಿಲಿಯಂ ಮುಂದೆ ಹಾಗೆ ತಾಲೀಮು ನಡೀತಿದ್ದಾಗ ಬಿಸಿಲು 30 ಡಿಗ್ರಿ ಮುಟ್ಟಿತ್ತು. ಮೈಮೇಲೆ ಉಣ್ಣೆಯ ಕೆಂಪು ಅಂಗಿ, ತಲೆ ಮೇಲೆ ಕರಡಿ ಚರ್ಮದ ಎತ್ತರದ ಟೋಪಿ. ಕೆಲವು ಸೈನಿಕರು ನಿಂತಲ್ಲೇ ಕುಸಿದರು. ಅವರಲ್ಲಿ ಟ್ರೊಂಬೋನ್ ಊದೋನೊಬ್ಬ ಸಾವರಿಸ್ಕೊಂಡು ಮತ್ತೆ ಊದೋಕೆ ನೋಡಿದ, ಆಗಲಿಲ್ಲ, ಕೊನೆಗೆ ಸ್ಟ್ರೆಚರ್ ಬಂತು. ಅಲುಗಾಡದೆ ನಿಂತರೆ ರಕ್ತ ಕಾಲಲ್ಲೇ ಇಳಿದು ನಿಲ್ಲುತ್ತೆ, ಮಿದುಳಿಗೆ ಹೋಗೋದು ಕಮ್ಮಿಯಾಗುತ್ತೆ, ಕಣ್ಣು ಕತ್ತಲೆ ಬರುತ್ತೆ. ಅದಕ್ಕೇ ಪರೇಡಿನಲ್ಲಿ ನಿಲ್ಲೋರು ಬೂಟಿನೊಳಗೆ ಬೆರಳು ಆಡಿಸ್ತಾ, ಮೀನಖಂಡ ಬಿಗಿ ಮಾಡಿ ಬಿಡ್ತಾ ಇರಬೇಕು. ಮದುವೆ ಮಂಟಪದಲ್ಲಿ ಬಹಳ ಹೊತ್ತು ನಿಲ್ಲೋ ಹುಡುಗಿಯರಿಗೂ ಇದನ್ನ ಹೇಳಿಕೊಡಿ, ಒಳ್ಳೇದು.

ಇನ್ನೊಂದು ಅರ್ಥ ಹಂಚೋದು. ಮೇಷ್ಟ್ರು ಪ್ರಶ್ನೆಪತ್ರಿಕೆ ‘ಪಾಸ್ ಔಟ್’ ಮಾಡಿದರು ಅಂದರೆ ಎಲ್ಲರಿಗೂ ಕೊಟ್ಟರು ಅಂತ. ಹಂಚೋದಾದರೆ ಪೇಪರನ್ನ ಎರಡು ಮಾತಿನ ನಡುವೆ ತೂರಿಸಬಹುದು: ‘ಪಾಸ್ ದಿ ಪೇಪರ್ಸ್ ಔಟ್’. ‘ದೆಮ್’ ಅಂತ ಬಂದರಂತೂ ನಡುವೆಯೇ ಕೂರಬೇಕು. ಎಚ್ಚರ ತಪ್ಪೋದರ ನಡುವೆ ಹಾಗೆ ಯಾವ ವಸ್ತುವನ್ನೂ ತೂರಿಸೋಕಾಗಲ್ಲ, ಯಾಕಂದರೆ ಅಲ್ಲಿ ಇನ್ನೊಂದು ವಸ್ತುವೇ ಇಲ್ಲ, ಬಿದ್ದೋನು ಒಬ್ಬನೇ.

ನಂಗೆ ಬೇಜಾರು ಎಲ್ಲಿ ಅಂದ್ರೆ, ಶಾಲೆಯಲ್ಲಿ ‘ಪಾಸ್ ಔಟ್’ ಥರದ ಜೋಡಿ ಮಾತುಗಳನ್ನ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸ್ತಾರೆ. ಮಕ್ಕಳು ಕಂಗಾಲು. ‘ಲುಕ್’ ಅಂದ್ರೆ ನೋಡು, ಹಾಗಾದ್ರೆ ‘ಲುಕ್ ಆಫ್ಟರ್’ ಅಂದ್ರೆ ಸಾಕಿ ಸಲಹೋದು ಹೇಗಾಯ್ತು ಅಂತ ನಿಮ್ಮ ಮೊಮ್ಮಗ ಮೊನ್ನೆ ಕೇಳಿದ. ನಾನಂದೆ, ‘ಲೋ ಪುಟ್ಟ, ನೋಡು ಅಂದ್ರೇನು? ತಂಗೀನ ನೋಡ್ಕೋ ಅಂದ್ರೇನು?’ ತಕ್ಷಣ ಮುಖ ಅರಳಿತು. ಹೇಳೋದಕ್ಕೂ ಹೇಳಿಕೊಡೋದಕ್ಕೂ ಎಷ್ಟು ದೂರ! ಬಟ್ಟೆ ಒಣಗಿಹೋಯ್ತು ಅಂತೀವಿ, ಬಟ್ಟೆ ಎಲ್ಲಿಗೂ ಹೋಗಲ್ಲ. ‘ಹೇಳು’, ‘ಹೇಳಿಬಿಡು’, ‘ಹೇಳಿನೋಡು’ ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನ ಇಡೋಕಾಗುತ್ತಾ? ಪಟ್ಟಿ ಓದಿ ಕಲಿತೋರು ಯಾರಿದ್ದಾರೆ ಇವನ್ನ? ಕೇಳಿ ಕೇಳಿ, ಎಲ್ಲಿ ಯಾರು ಯಾವಾಗ ಅಂದರು ಅಂತ ಮನಸ್ಸಲ್ಲಿ ಕೂತು ಬಂದದ್ದು.

ಪುಟ್ಟನ ಕೈಲಿ ನಾನೀಗ ಒಂದು ನೋಟ್‌ಬುಕ್ ಮಾಡಿಸ್ತಿದ್ದೀನಿ. ಪದ, ಅರ್ಥ ಅಂತ ಎರಡು ಕಾಲಂ ಇಲ್ಲ. ಪೂರ್ತಿ ವಾಕ್ಯ, ಅದು ಎಲ್ಲಿ ಕೇಳಿಸ್ತು ಅನ್ನೋದು, ಪಕ್ಕದಲ್ಲಿ ಆ ಜಾಗದಲ್ಲಿ ನಾವು ಕನ್ನಡದಲ್ಲಿ ಏನಂತೀವಿ ಅನ್ನೋದು. ‘ಗಿವ್ ಅಪ್’ ಎದುರಿಗೆ ಒಂದು ಕಡೆ ‘ಕೈಬಿಟ್ಟ’ ಅಂತ ಬರೆದಿದ್ದಾನೆ, ಇನ್ನೊಂದು ಕಡೆ ‘ಸಿಗರೇಟು ಬಿಟ್ಟುಬಿಟ್ಟ’ ಅಂತ. ನಾಳೆಯಿಂದ ‘ಪುಟ್’ ಶುರು ಮಾಡೋಣ ಅಂದಿದ್ದೀನಿ. ಅದು ಒಂದು ವಾರಕ್ಕೆ ಮುಗಿಯೋದಲ್ಲ.