ಕ್ವಾರ್ಟರ್ ಪುರಾಣ

‘ಅಪ್ಪಾ, ನಿಂಗೆಷ್ಟು ಕ್ವಾರ್ಟರ್ ಬೇಕು?’ ಎಂದು ಮಗ ಕೇಳಿದಾಗ ಇವಳು ನನ್ನತ್ತ ಬೀರಿದ ನೋಟವಿದೆಯಲ್ಲ, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ಅಮೆರಿಕದಲ್ಲಿ ಕ್ವಾರ್ಟರ್ ಎಂದರೆ ಕಾಲು ಡಾಲರಿನ ನಾಣ್ಯ ಎಂದು ತಿಳಿದ ಮೇಲೆ ಅವಳಿಗೆ ಸಮಾಧಾನ, ನನಗೆ ಕೊಂಚ ನಿರಾಸೆ.

ನಾವಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದ ಫಿಶರ್‌ಮನ್ಸ್ ವಾರ್ಫಿನಲ್ಲಿರುವ ‘ಮ್ಯೂಸೆ ಮೆಕಾನಿಕ್’ ಬಾಗಿಲಲ್ಲಿ. ಕಾಸು ನುಂಗಿ ಆಡುವ 300ಕ್ಕೂ ಹೆಚ್ಚು ಯಂತ್ರಗಳು ಒಳಗಿವೆ. ಪ್ರವೇಶ ಪುಕ್ಕಟೆ. ಮ್ಯೂಸಿಯಮ್ಮಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಡೆಯಬೇಕೆಂದು ಮೇಷ್ಟ್ರು ಕಲಿಸಿದ್ದರು. ಇಲ್ಲಿ ಕೈ ಕಟ್ಟಿ ನಿಂತರೆ ಒಂದು ಗೊಂಬೆಯೂ ಅಲ್ಲಾಡುವುದಿಲ್ಲ.

ಮೊದಲ ದರ್ಶನ ಲಾಫಿಂಗ್ ಸ್ಯಾಲ್‌ಳದು. ಕೆದರಿದ ಕೆಂಗೂದಲು, ಸಂದುಬಿಟ್ಟ ಹಲ್ಲು, ಆಳೆತ್ತರದ ಹೆಂಗಸು. ಕಡಲತಡಿಯ ‘ಪ್ಲೇಲ್ಯಾಂಡ್’ ಎಂಬ ವಿನೋದವನದಲ್ಲಿ ಜನರನ್ನು ಕರೆಯುತ್ತಿದ್ದವಳು. 1972ರಲ್ಲಿ ಅದು ಮುಚ್ಚಿತು. ಕಾಸು ಬಿದ್ದದ್ದೇ ಸೊಂಟ ಬಳುಕಿಸಿ ನಕ್ಕಳು ನೋಡಿ, ನಮ್ಮ ಬಯಲಾಟದ ರಕ್ಕಸಿ ಕೂಡ ಮರಳಿ ತಾಲೀಮಿಗೆ ಹೋಗಬೇಕು. ಪಕ್ಕದ ಮಗು ಕಿರುಚಿ ಅತ್ತಿತು. ಇವಳು ಮಾತ್ರ, ‘ಥೇಟ್ ನಿಮ್ಮ ಅತ್ತಿಗೆ!’ ಎಂದಳು.

ಅದೇ 1972ರಲ್ಲಿ ‘ಪಾಂಗ್’ ಎಂಬ ವಿಡಿಯೋ ಆಟ ಹುಟ್ಟಿತು. ಮಗನ ಮನೆಯಿರುವ ಸನಿವೇಲ್‌ನದೇ ಒಂದು ಬಾರಿನಲ್ಲಿ ಅದರ ಮೊದಲ ಯಂತ್ರವಿಟ್ಟಿದ್ದರಂತೆ. ಕೆಲವೇ ದಿನಕ್ಕೆ ಕೆಟ್ಟುನಿಂತಿತು. ಬಿಚ್ಚಿ ನೋಡಿದರೆ ರೋಗವೇನಿಲ್ಲ, ಕಾಸಿನ ಡಬ್ಬಿ ತುಂಬಿ ಗಂಟಲವರೆಗೆ ಬಂದಿತ್ತು. ಅಜೀರ್ಣ! ಬಾರಿನಲ್ಲಿ ಆ ಕ್ವಾರ್ಟರೂ ಈ ಕ್ವಾರ್ಟರೂ ಕೂಡಿದರೆ ಇನ್ನೇನಾದೀತು?

ಮುಂದೆ ಪಂಜಕುಸ್ತಿಯ ಕಬ್ಬಿಣದ ತೋಳು. ಪೆನ್ಷನ್‌ದಾರನೆಂಬ ಕರುಣೆಯಿಲ್ಲದೆ ಅದು ನನ್ನ ಕೈಯನ್ನು ಮಡಚಿ ಮಲಗಿಸಿತು. ಭುಜ ತಿಕ್ಕಿಕೊಳ್ಳುತ್ತ ಭವಿಷ್ಯ ಹೇಳುವ ಗೊಂಬೆಯ ಮುಂದೆ ನಿಂತೆ. ಹಿಂದೆ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ, ಬಣ್ಣದ ದೀಪ ಮಿನುಗಿಸಿ, ತೂಕದ ಚೀಟಿಯಲ್ಲೇ ಭವಿಷ್ಯವನ್ನೂ ಕೊಡುತ್ತಿತ್ತು. ‘ನೀವು ಮಹಾ ಧೈರ್ಯಶಾಲಿ’ ಎಂದಿದ್ದ ಚೀಟಿಯನ್ನು ನಂಬಿ ಅದೇ ರೈಲಿನಲ್ಲಿ ಹೆಣ್ಣು ನೋಡಲು ಹೋಗಿದ್ದೆ.

‘ಇನ್ನೊಂದು ಕ್ವಾರ್ಟರ್ ಕೊಡೇ’ ಎಂದೆ.

ಉಳಿದ ಎಂಟನ್ನೂ ಇವಳು ಆಗಲೇ ಕರ್ಚೀಫಿನಲ್ಲಿ ಗಂಟು ಕಟ್ಟಿದ್ದಳು. ‘ಮಗನ ಅಪಾರ್ಟ್‌ಮೆಂಟಿನ ವಾಷಿಂಗ್ ಮೆಷೀನೂ ಇದನ್ನೇ ನುಂಗೋದು. ನಾಳೆ ನಿಮ್ಮ ಪಂಚೆ ಒಗೀಬೇಕು, ನಡೀರಿ.’