ಟಿಕೆಟ್ ಭಾವ

ಜರ್ಮನಿಯಲ್ಲಿ ನೆಂಟರಿದ್ದವರಿಗೆಲ್ಲ ಇಂಥ ಒಬ್ಬ ಭಾವ ಇದ್ದೇ ಇರುತ್ತಾರೆ. ನಮ್ಮವರು ಮ್ಯೂನಿಕ್‌ನವರು. ವಿಮಾನ ನಿಲ್ದಾಣಕ್ಕೇ ಬಂದು ಎದುರುಗೊಳ್ಳುತ್ತಾರೆ. ಊರಲ್ಲಿ ಮಳೆ ಹೇಗೆ, ಅಮ್ಮನ ಮಂಡಿನೋವು ಹೇಗೆ ಎಂಬುದೆಲ್ಲ ಆಮೇಲೆ. ಮೊದಲ ಪ್ರಶ್ನೆ, "ಪಾಸ್ ತಗೊಂಡ್ರಾ?"

ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಆ ತಿಂಗಳ ಪಾಸಿನ ಚರಿತ್ರೆ ಅವರಿಗೆ ಬಾಯಿಪಾಠ. 2022ರ ಬೇಸಿಗೆಯಲ್ಲಿ ಮೂರು ತಿಂಗಳು, ತಿಂಗಳಿಗೆ ಬರೀ 9 ಯೂರೋಗೆ ದೇಶವಿಡೀ ಸುತ್ತಬಹುದಿತ್ತು. 2023ರ ಮೇನಲ್ಲಿ ಈ ಪಾಸ್ ಬಂದಾಗ 49; 2025ಕ್ಕೆ 58 ಆಯಿತು, 2026ಕ್ಕೆ 63. ನಮ್ಮ ಹಿರಿಯರು ನಾಲ್ಕಾಣೆಯ ಮಸಾಲೆ ದೋಸೆಯನ್ನು ನೆನೆಯುವಂತೆ ಭಾವ ಆ ಒಂಬತ್ತು ಯೂರೋ ಕಾಲವನ್ನು ನೆನೆಯುತ್ತಾರೆ.

ಪಾಸಿಗೆ ಬಸ್ಸು, ಟ್ರಾಮು, ಮೆಟ್ರೋ, ಊರೂರಿಗೆ ನಿಲ್ಲುವ ರೈಲು ಎಲ್ಲ ಸೇರಿದೆ. ವೇಗದ ಐಸಿಇ ಸೇರಿಲ್ಲ. ಮ್ಯೂನಿಕ್‌ನಿಂದ ಬರ್ಲಿನ್‌ಗೆ ಐಸಿಇಯಲ್ಲಿ ಸುಮಾರು ನಾಲ್ಕು ಗಂಟೆ. ಪಾಸಿನಲ್ಲಿ ಹೋದರೆ ರೈಲು ಬದಲಿಸಿ ಬದಲಿಸಿ ಅದರ ಇಮ್ಮಡಿಗೂ ಹೆಚ್ಚು. "ಊರು ನೋಡಿದ ಹಾಗೂ ಆಯ್ತು," ಎನ್ನುತ್ತಾರೆ ಭಾವ. ಅಕ್ಕ ಮಾತಾಡದೆ ಇನ್ನೊಂದು ಡಬ್ಬಿ ಚಿತ್ರಾನ್ನ ಕಟ್ಟುತ್ತಾಳೆ.

ನೆಂಟರ ಮುಖ ನೋಡಿ ಅಪರೂಪಕ್ಕೆ ಐಸಿಇ ಹತ್ತುವುದೂ ಉಂಟು. ಆಗ ನೋಡಬೇಕು ಅವರನ್ನು. ಅಲ್ಲಿನ ದೂರದ ರೈಲುಗಳಲ್ಲಿ 2024ರಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸದೆ. ಒಂದು ಗಂಟೆ ತಡವಾದರೆ ಟಿಕೆಟ್ ಹಣದ ಕಾಲು ಭಾಗ ವಾಪಸ್, ಎರಡು ಗಂಟೆಗೆ ಅರ್ಧ. ರೈಲು ಐವತ್ತೈದು ನಿಮಿಷ ತಡವಾಗಿದೆ ಎಂದಾಗ ಡಬ್ಬಿಯಲ್ಲಿದ್ದವರೆಲ್ಲ ಗೊಣಗುತ್ತಾರೆ. ಭಾವ ಮಾತ್ರ ಇನ್ನೈದು ನಿಮಿಷಕ್ಕಾಗಿ ರಾಯರನ್ನು ಬೇಡಿಕೊಳ್ಳುತ್ತಾರೆ. ಚಾಲಕ ಹೇಗೋ ವೇಗ ಹೆಚ್ಚಿಸಿ ಐವತ್ತೆರಡಕ್ಕೆ ಇಳಿಸಿದನೋ, ಆ ದಿನ ಊಟ ಸೇರುವುದಿಲ್ಲ.

ನಿಲ್ದಾಣಗಳಲ್ಲಿ ನಮ್ಮ ಮೆಟ್ರೋದ ಹಾಗೆ ಗೇಟಿಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು. ಮಾಮೂಲಿ ಬಟ್ಟೆಯಲ್ಲಿ ಬರುವ ತಪಾಸಣೆಯವರ ಕೈಗೆ ಟಿಕೆಟ್ ಇಲ್ಲದೆ ಸಿಕ್ಕರೆ 60 ಯೂರೋ ದಂಡ. ಸಿಕ್ಕಿಬಿದ್ದೇವೆಂಬ ಹೆದರಿಕೆ ಉಳಿದವರಿಗೆ, ಯಾರೂ ಕೇಳಲೇ ಇಲ್ಲವಲ್ಲ ಎಂಬ ಕೊರಗು ಭಾವನಿಗೆ.

ಟೇಗರ್ನ್‌ಸೇ ಸರೋವರಕ್ಕೆ ಹೋಗುವ ರೈಲು ದಾರಿಯಲ್ಲಿ ತುಂಡಾಗುತ್ತದೆ. ಹೋಲ್ಟ್ಸ್‌ಕಿರ್ಖೆನ್‌ನಲ್ಲಿ ಒಂದು ತುಂಡು ಬೈರಿಶ್‌ಟ್ಸೆಲ್ ಕಡೆಗೆ. ಶಾಫ್ಟ್‌ಲಾಖ್‌ನಲ್ಲಿ ಇನ್ನೊಂದು ಲೆಂಗ್‌ಗ್ರೀಸ್ ಕಡೆಗೆ. ಯಾವ ಡಬ್ಬಿ ಎಲ್ಲಿಗೆ ಎಂದು ಭಾವ ನಮಗೆ ಪಾಠ ಮಾಡುತ್ತಿರುವಾಗ ಅಕ್ಕ ಎದ್ದು ಬೇರೆ ಡಬ್ಬಿಗೆ ಹೋಗಿ ಕೂತಳು, ಹಾಯಾಗಿ ಲೆಂಗ್‌ಗ್ರೀಸ್ ನೋಡಿಕೊಂಡು ಬಂದಳು. ಗೊತ್ತಾಗದೆ ಹತ್ತಿದೆ ಎನ್ನುತ್ತಾಳೆ. ನಾನಂತೂ ನಂಬಿಲ್ಲ.

ಕಾರೂ ಇದೆ. ಅಲ್ಲಿ ನೆಲೆಸಿದವರಿಗೆ ನಮ್ಮ ಲೈಸೆನ್ಸ್ ನಡೆಯುವುದು ಆರು ತಿಂಗಳು. ಆಮೇಲೆ ಹೊಸದಾಗಿ ಲಿಖಿತ ಪರೀಕ್ಷೆ, ಓಡಿಸಿ ತೋರಿಸುವ ಪರೀಕ್ಷೆ. ಸಿಲ್ಕ್ ಬೋರ್ಡ್‌ನಲ್ಲಿ ಒಂದಡಿ ಸಂದು ಕಂಡರೂ ಬಾನೆಟ್ ತೂರಿಸುತ್ತಿದ್ದ ಮನುಷ್ಯ ಈಗ ಆಟೋಬಾನ್‌ನಲ್ಲಿ ವಾಹನಗಳು ನಿಧಾನವಾದರೆ ಸಾಕು, ಆಂಬುಲೆನ್ಸಿಗೆ ದಾರಿಯಾಗಲೆಂದು ಎಲ್ಲರಿಗಿಂತ ಮೊದಲೇ ಪಕ್ಕಕ್ಕೆ ಸರಿಯುತ್ತಾರೆ. ಅದಕ್ಕೆ ನನ್ನ ನಮಸ್ಕಾರ. ಆದರೆ ವೇಗಮಿತಿಯೇ ಇಲ್ಲದ ಕಡೆಯೂ ಲಾರಿಯ ಹಿಂದೆ ತೊಂಬತ್ತರಲ್ಲೇ, ಪೆಟ್ರೋಲ್ ಉಳಿಯುತ್ತದಂತೆ.

ಪಾರ್ಕಿಂಗ್ ಇನ್ನೊಂದು ಕಥೆ. ಕೆಲವೆಡೆ ದುಡ್ಡಿಲ್ಲ, ಬಂದ ಹೊತ್ತನ್ನು ನೀಲಿ ಬಿಲ್ಲೆಯಲ್ಲಿ ತೋರಿಸಿದರಾಯಿತು. ಮುಳ್ಳನ್ನು ಮುಂದಿನ ಅರ್ಧ ಗಂಟೆಗೆ ತಿರುಗಿಸಬೇಕೆಂಬುದೇ ಕಾನೂನು. 10.28ಕ್ಕೆ ಜಾಗ ಸಿಕ್ಕರೆ ಭಾವ ನಿಲ್ಲಿಸುವುದಿಲ್ಲ. ಇನ್ನೊಂದು ಸುತ್ತು ಹಾಕಿ 10.31ಕ್ಕೆ ಬಂದರೆ 11ಕ್ಕೆ ತಿರುಗಿಸಬಹುದು, ಅರ್ಧ ಗಂಟೆ ಲಾಭ! ಬರುವಷ್ಟರಲ್ಲಿ ಆ ಜಾಗ ಇನ್ನಾರಿಗೋ ಆಗಿರುತ್ತದೆ.

ನಾವು ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಪಾಸು ತಿಂಗಳ ಚಂದಾ. 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ. 9ರ ರಾತ್ರಿ ಫೋನ್ ಬಂತು. ಭಾವ ನೆನಪಿಸದಿದ್ದರೆ 63 ಯೂರೋ ಹೋಗುತ್ತಿತ್ತು, ಅದು ನಿಜ.

ಹಾಗಾಗಿ ಅಲ್ಲಿಗೆ ಹೋಗುವವರಿಗೆ ಒಂದು ಮಾತು: ಟಿಕೆಟ್ ವಿಷಯದಲ್ಲಿ ಭಾವ ಹೇಳಿದಂತೆ ಕೇಳಿ, ಎಲ್ಲಿಗೆ ಹೋಗಬೇಕೆಂಬುದನ್ನು ಅಕ್ಕನ ಹತ್ತಿರ ವಿಚಾರಿಸಿ.