ಬಿಚ್ಚುವ ರಾಯರು

ಪ್ರತಿ ಬಡಾವಣೆಗೂ ಒಬ್ಬರು ರಾಯರಿರುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಒಮ್ಮೆ ಮಿನುಗಿದ್ದೇ ಸಾಕು, ಭಾನುವಾರ ಉಪ್ಪಿಟ್ಟು ಮುಗಿಸಿ, ಹಳೇ ಲುಂಗಿ ಮೇಲೆ ಕಟ್ಟಿ, ಬಾನೆಟ್ ಎತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಜಗಲಿಯ ಪೇಪರಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿರುತ್ತದೆ. ದುಡ್ಡು ಉಳಿಸಲು ಹೀಗೆ ಮಾಡುತ್ತಾರೆಂದು ಮನೆಯವರು ನಂಬಿದ್ದಾರೆ. ನನ್ನ ವಾದ ಬೇರೆ. ರಾಯರಿಗೆ ಬೇಕಾದದ್ದು ರಿಪೇರಿಯಲ್ಲ, ಬಿಚ್ಚುವ ಸುಖ. ರಿಪೇರಿಯೇ ಗುರಿಯಾಗಿದ್ದರೆ ಮೊದಲು ಮಲ್ಟಿಮೀಟರ್ ಹೊರಬರಬೇಕಿತ್ತು. ಎಂಜಿನ್ ಆಫ್ ಇದ್ದಾಗ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. ಸ್ಟಾರ್ಟ್ ಮಾಡಿದಾಗ ಅದೇ 14ರ ಹತ್ತಿರ ಏರಿದರೆ ಆಲ್ಟರ್ನೇಟರ್ ಬಹುಮಟ್ಟಿಗೆ ನಿರಪರಾಧಿ. ಆದರೆ ನಿರಪರಾಧಿಯೆಂದು ಗೊತ್ತಾಗಿಬಿಟ್ಟರೆ ಬಿಚ್ಚಲು ನೆಪವೆಲ್ಲಿ? ಹಾಗಾಗಿ ಮೀಟರ್ ಡ್ರಾಯರಿನಲ್ಲೇ ಇರುತ್ತದೆ, ಅದರ ಸೆಲ್ಲು ಟಿವಿ ರಿಮೋಟಿಗೆ ಹೋಗಿರುತ್ತದೆ. ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಕಳಚಬೇಕೆಂಬುದು ನೆನಪಾಗುವುದೂ ಸ್ಪ್ಯಾನರ್ ತಾಗಿ ಕಿಡಿ ಹಾರಿದ ಮೇಲೆಯೇ. ಕಾರು ಸುಮ್ಮನೆ ನಿಂತಿದ್ದರೂ ಬ್ಯಾಟರಿಯಿಂದ ಆಲ್ಟರ್ನೇಟರಿಗೆ ಬರುವ ದಪ್ಪ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಜೋಡಿಸುವಾಗಲಂತೂ ನನ್ನ ವಾದಕ್ಕೆ ಪೂರ್ತಿ ಬಲ ಬರುತ್ತದೆ. ರೋಟರಿನ ಸ್ಲಿಪ್ ರಿಂಗುಗಳ ಮೇಲೆ ಎರಡು ಪುಟ್ಟ ಕಾರ್ಬನ್ ಬ್ರಶ್ಶುಗಳು ಸ್ಪ್ರಿಂಗಿನ ಒತ್ತಡದಲ್ಲಿ ಕೂತಿರುತ್ತವೆ; ರೋಟರ್ ಎಳೆದೊಡನೆ ಮುಂದಕ್ಕೆ ನೆಗೆಯುತ್ತವೆ. ಎಷ್ಟೋ ಮಾದರಿಗಳಲ್ಲಿ ಹಿಂದಿನ ಕವಚಕ್ಕೊಂದು ಸಣ್ಣ ತೂತು ಇರುತ್ತದೆ. ಬ್ರಶ್ಶುಗಳನ್ನು ಒಳಕ್ಕೊತ್ತಿ, ಆ ತೂತಿನಲ್ಲಿ ತಂತಿ ತೂರಿಸಿ ತಡೆದು, ರೋಟರ್ ಕೂರಿಸಿದ ಮೇಲೆ ತಂತಿ ಎಳೆದರಾಯಿತು. ತೂತನ್ನು ನೋಡುವ ವ್ಯವಧಾನ ರಾಯರಿಗಿಲ್ಲ. ಒಂದು ಬ್ರಶ್ಶನ್ನು ಹೆಬ್ಬೆರಳಲ್ಲಿ, ಇನ್ನೊಂದನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ, ಕವಚವನ್ನು ಮೊಣಕಾಲಲ್ಲಿ ಅದುಮಿ, ‘ಯಾರಾದ್ರೂ ಬನ್ರೀ, ಟಾರ್ಚ್ ಹಿಡೀರಿ’ ಎಂದು ಕೂಗುತ್ತಾರೆ. ಹಿಡಿಯಬೇಕಾದವರು ಸಾಮಾನ್ಯವಾಗಿ ಪಕ್ಕದ ಮನೆಯವರು. ಅವರಿಗೆ ಕಾಫಿಯಿಲ್ಲ, ಕೈ ಅಲುಗಿದರೆ ಬೈಗುಳ ಉಂಟು. ಬ್ರಶ್ ಮುರಿದರೆ ತಪ್ಪು ಟಾರ್ಚಿನದೇ.

ಬ್ರಶ್ ಸವೆದರೂ ಇಡೀ ಆಲ್ಟರ್ನೇಟರನ್ನೇ ಬದಲಿಸಿ ಎನ್ನುವವರಿದ್ದಾರಲ್ಲ, ರಾಯರು ಮಾಡುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಒಪ್ಪುವ ಮಾತೇ. ಬ್ರಶ್, ಬೇರಿಂಗ್, ರೆಗ್ಯುಲೇಟರ್ ಎಲ್ಲವೂ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಯಾಗಿ ಸಿಗುತ್ತವೆ. ಒಳಗೇನಿದೆಯೆಂದು ಕಂಡ ಗಿರಾಕಿಗೆ ಟೋಪಿ ಹಾಕುವುದೂ ಸುಲಭವಲ್ಲ. ಮುಚ್ಚಿದ್ದನ್ನು ಮುಚ್ಚಿಯೇ ಎಸೆಯುವ ಈ ಕಾಲದಲ್ಲಿ, ಕೈ ಮಸಿ ಮಾಡಿಕೊಂಡು ಒಳಗೆ ಇಣುಕುವವರನ್ನು ಕಂಡರೆ ಪ್ರೀತಿ ಬರುತ್ತದೆ, ನಿಜ. ಆದರೆ ಈ ವಾದ ನಿಲ್ಲಬೇಕಾದರೆ ಬಿಚ್ಚಿದ್ದೆಲ್ಲ ಮತ್ತೆ ಒಳಗೆ ಹೋಗಬೇಕು. ರಾಯರ ಪೇಪರಿನ ಮೇಲೆ ಕೊನೆಗೊಂದು ವಾಷರ್ ಉಳಿದೇ ಉಳಿಯುತ್ತದೆ. ಅದು ಕಂಪನಿಯವರು ‘ಎಕ್ಸ್‌ಟ್ರಾ’ ಹಾಕಿದ್ದಂತೆ. ಓದುಗರಲ್ಲಿ ವಿನಂತಿ ಇಷ್ಟೇ: ರಾಯರು ನಿಮ್ಮ ಬಾನೆಟ್ ಮೇಲೆ ಕೈಯಿಟ್ಟು, ಕಿವಿಗೊಟ್ಟು, ‘ಏನೋ ಸದ್ದು ಬರ್ತಿದೆಯಲ್ರೀ’ ಎಂದರೆ, ಕೀಲಿಕೈ ಜೇಬಿಗಿಳಿಸಿ, ಅರ್ಜೆಂಟಾಗಿ ಮದುವೆಗೆ ಹೋಗಬೇಕು ಎಂದುಬಿಡಿ.